ಮುಳ್ಳೇರಿಯಾದ ಗುಡ್ಡೆಗೂ ಸಂಪಾಜೆ ಘಾಟಿಗೂ ಒಂದೇ ಬೈಕ್: ಡೊಮಿನಾರ್ 400

ನಾನು ಈಗ ಓಡಿಸುವುದು 2022ರ ಬಜಾಜ್ ಡೊಮಿನಾರ್ 400. ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಅದಕ್ಕೆ ಮೊದಲು ವರ್ಷಗಟ್ಟಲೆ ಪಲ್ಸರ್ 150 ಇತ್ತು. ಒಂದು ಮಳೆಗಾಲ ಪೂರ್ತಿ ಓಡಿಸಿದ ಮೇಲೆಯೇ ಬರೆಯಬೇಕು ಅಂತ ಕಾದಿದ್ದೆ. ನಮ್ಮ ಮುಳ್ಳೇರಿಯಾ ಇರುವ ಕಾಸರಗೋಡಿನಲ್ಲಿ ಜೂನ್, ಜುಲೈ ದಾಟದ ಬೈಕಿನ ಬಗ್ಗೆ ಏನು ಹೇಳಿದರೂ ಅರ್ಧ ಮಾತೇ.

150 ಸಿಸಿ ಬೈಕಿನಿಂದ ಸ್ಪೋರ್ಟ್ ಟೂರಿಂಗ್ (ವೇಗಕ್ಕೂ ದೂರದ ಪ್ರಯಾಣಕ್ಕೂ ಆಗುವ) ಬೈಕಿಗೆ ಹೋಗಬೇಕು ಅನ್ನುವವರು ನಮ್ಮ ಕಡೆ ಜಾಸ್ತಿ ಆಗಿದ್ದಾರೆ. ಅವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಟಾಪ್ ಸ್ಪೀಡ್ ಎಷ್ಟು ಅಂತ. ನಾವು ಓಡಾಡುವ ರಸ್ತೆ ನೋಡಿ. ನನ್ನ ವಾರದ ದಾರಿ ಮುಳ್ಳೇರಿಯಾ, ಬದಿಯಡ್ಕ, ಕುಂಬಳೆ, ಅಲ್ಲಿಂದ ಮಂಗಳೂರು. ತಲಪಾಡಿಯಿಂದ ಚೆಂಗಳದವರೆಗೆ 39 ಕಿ.ಮೀ. ಆರು ಪಥದ ಹೊಸ ಹೆದ್ದಾರಿ ಬಂದಿದೆ, ನಿಜ. ಆದರೆ ಬೈಕಿನವರಾದ ನಾವು ಹೆಚ್ಚಾಗಿ ಸರ್ವಿಸ್ ರಸ್ತೆಯಲ್ಲೇ ಹೋಗುವುದು. ಅಲ್ಲಿ ಆಟೊ, ಬಸ್, ಅಡ್ಡ ಬರುವ ಸ್ಕೂಟರ್. ಒಳರಸ್ತೆಗೆ ಬಂದರೆ ಏರು, ಇಳಿತ, ತಿರುವು, ಮುರಕಲ್ಲು (ಕೆಂಪು ಕಲ್ಲು) ಹೇರಿಕೊಂಡು ಬರುವ ಲಾರಿ. ಮೂರನೇ ಗೇರಿನಲ್ಲಿ 40ರಲ್ಲಿ ಹೋಗುತ್ತಾ ಇರುವಾಗ ಲಾರಿಯನ್ನು ಹಿಂದೆ ಹಾಕಲು ಎಂಜಿನ್ ತಕ್ಷಣ ಎಳೆಯುತ್ತದಾ? ನನಗೆ ಬೇಕಾದ ಉತ್ತರ ಅದೊಂದೇ.

ಆ ಉತ್ತರ ಬ್ರೋಷರ್‌ನ ಒಂದೇ ಸಾಲಿನಲ್ಲಿ ಇರುತ್ತದೆ. ಟಾರ್ಕ್ (ಎಂಜಿನ್ನಿನ ತಿರುಗಿಸುವ ಬಲ, ಎನ್‌ಎಂ ಲೆಕ್ಕದಲ್ಲಿ) ಎಷ್ಟು, ಮತ್ತು ಎಷ್ಟು ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು). ಡೊಮಿನಾರ್‌ನ 373 ಸಿಸಿ ಎಂಜಿನ್ 35 ಎನ್‌ಎಂ ಕೊಡುವುದು 6,500 ಆರ್‌ಪಿಎಂನಲ್ಲಿ. ಕವಾಸಕಿ ನಿಂಜಾ 300 ಕೊಡುವುದು 26 ಎನ್‌ಎಂ, ಅದೂ 10,000ದಲ್ಲಿ. ಪವರ್ ನೋಡಿದರೆ ಎರಡೂ ಹತ್ತಿರ ಹತ್ತಿರ, ಒಂದು 40 ಪಿಎಸ್, ಇನ್ನೊಂದು 39. ನಿಂಜಾದ ಎರಡು ಸಿಲಿಂಡರಿನ ನುಣುಪು ಬೇರೆಯೇ, ಅದರ 17 ಲೀಟರಿನ ಟ್ಯಾಂಕ್ ನನಗೆ ಈಗಲೂ ಆಸೆ. ಆದರೆ ಆ ಎಂಜಿನ್ ಕುಣಿಯುವುದು ಮೇಲಿನ ಆರ್‌ಪಿಎಂನಲ್ಲಿ. ಆದೂರಿನ ತಿರುವುಗಳಲ್ಲಿ ಅಷ್ಟು ಮೇಲೆ ಹೋಗಲು ಜಾಗವೇ ಸಿಗುವುದಿಲ್ಲ. ಪಲ್ಸರ್‌ನ 13 ಎನ್‌ಎಂನಿಂದ ಬಂದವನಿಗೆ ಕೆಳಗಿನಿಂದಲೇ ಎಳೆಯುವ ಗಾಡಿ ಎಷ್ಟು ನೆಮ್ಮದಿ ಅಂತ ಓಡಿಸಿಯೇ ತಿಳಿಯಬೇಕು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ದೊಡ್ಡ ಸಿಂಗಲ್ ಸಿಲಿಂಡರ್ ಯಾವುದೇ ಇರಲಿ, ಟಾಪ್ ಗೇರಿನಲ್ಲಿ 3,000 ಆರ್‌ಪಿಎಂಗಿಂತ ಕೆಳಗೆ ಎಳೆಸಿದರೆ ಚೈನ್ ತಟತಟ ಅನ್ನುತ್ತದೆ. 150ರಲ್ಲಿ ಐದನೇ ಗೇರಿಗೆ ಹಾಕಿ ಮರೆತುಬಿಡುವ ಅಭ್ಯಾಸ ಇದ್ದವರು ಅದನ್ನು ಬಿಡಬೇಕಾಗುತ್ತದೆ. ಪೇಟೆಯೊಳಗೆ ಎರಡು, ಮೂರು. ಹೊರಗೆ ಬಂದ ಮೇಲೆ ಐದು, ಆರು. ಕೆಲವೇ ದಿನದಲ್ಲಿ ಕಾಲು ತಾನಾಗಿ ಕಲಿಯುತ್ತದೆ.

ತೂಕ 193 ಕೆ.ಜಿ. ಪಲ್ಸರ್‌ಗಿಂತ ನಲವತ್ತು ಕೆ.ಜಿ.ಗೂ ಹೆಚ್ಚು. ಓಡುವಾಗ ಈ ತೂಕ ಲೆಕ್ಕಕ್ಕೇ ಬರುವುದಿಲ್ಲ, ಬರುವುದು ನಿಂತಾಗ. ನಮ್ಮ ಮನೆ ಗುಡ್ಡೆಯ ಬದಿಯಲ್ಲಿ. ರಸ್ತೆಯಿಂದ ಅಂಗಳಕ್ಕೆ ಇಳಿಜಾರಿನ ಕಾಂಕ್ರೀಟ್ ದಾರಿ. ಅಡಿಕೆ ಒಣಗಲು ಹಾಕಿದಾಗ ಅಂಗಳದಲ್ಲಿ ಉಳಿಯುವುದು ಒಂದು ಬೈಕ್ ತಿರುಗಿಸುವಷ್ಟೇ ಜಾಗ. ಮಳೆಗಾಲದಲ್ಲಿ ಕಾಂಕ್ರೀಟಿನ ಮೇಲೆ ಪಾಚಿ. ಹಾಗಾಗಿ ಯಾವ ಬೈಕ್ ನೋಡಲು ಹೋದರೂ ನಾನು ಮೊದಲು ಮಾಡುತ್ತಿದ್ದ ಪರೀಕ್ಷೆ ಒಂದೇ. ಸೀಟಿನ ಮೇಲೆ ಕೂತು, ಎಂಜಿನ್ ಆಫ್ ಮಾಡಿ, ಸಣ್ಣ ಏರಿನಲ್ಲಿ ಕಾಲಿನಿಂದಲೇ ಹಿಂದಕ್ಕೆ ತಳ್ಳುವುದು. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಡೊಮಿನಾರ್‌ನ ಸೀಟ್ ಎತ್ತರ 800 ಮಿ.ಮೀ. ನನಗೆ ಹಿಮ್ಮಡಿ ಸ್ವಲ್ಪ ಏಳುತ್ತದೆ, ಆದರೆ ತಳ್ಳಬಹುದು. ಇದನ್ನು ಶೋರೂಮಿನ ನುಣುಪು ಟೈಲ್ಸಿನ ಮೇಲೆ ಮಾಡಬೇಡಿ. ಹೊರಗೆ ಮಣ್ಣಿನ ಜಾಗಕ್ಕೆ ತನ್ನಿ ಅಂತ ಕೇಳಿ.

ಗೆಳೆಯನೊಬ್ಬನ ನಿಂಜಾ 650 ಸಹ ಹೀಗೇ ತಳ್ಳಿ ನೋಡಿದೆ. ಅದರ ತೂಕ 196 ಕೆ.ಜಿ., ಸೀಟ್ 790 ಮಿ.ಮೀ. ಅಂದರೆ ಡೊಮಿನಾರ್‌ಗಿಂತ ಮೂರೇ ಕೆ.ಜಿ. ಜಾಸ್ತಿ, ಸೀಟು ಇನ್ನೂ ತಗ್ಗು. ದೊಡ್ಡ ಬೈಕ್ ಅಂದರೆ ಭಾರ ಅಂತ ಹೆದರುವವರು ಇದನ್ನು ಗಮನಿಸಬೇಕು. 68 ಪಿಎಸ್, 64 ಎನ್‌ಎಂ. ಅಪ್ಪಟ ಸ್ಪೋರ್ಟ್ ಟೂರರ್ ಅಂದರೆ ಅದೇ. ಮೈಸೂರು ಕಡೆ ಮನೆ ಇದ್ದಿದ್ದರೆ ಸಾಲ ಮಾಡಿಯಾದರೂ ಅದನ್ನೇ ತರುತ್ತಿದ್ದೆ. ನಮ್ಮ ರಸ್ತೆಯಲ್ಲಿ ಅದರ ಅರ್ಧ ಶಕ್ತಿಯೂ ಕೆಲಸಕ್ಕೆ ಬರುವುದಿಲ್ಲ. ಮತ್ತೆ, 150ರಿಂದ ನೇರ ಅಲ್ಲಿಗೆ ಹಾರುವುದು ಒದ್ದೆ ರಸ್ತೆಯಲ್ಲಿ ಆ್ಯಕ್ಸಿಲರೇಟರ್ ತಿರುಗಿಸುವ ಕೈಗೆ ಒಳ್ಳೆಯದಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಹಿಂದಿನ ಸೀಟು. ಇದರ ಬಗ್ಗೆ ಯಾರೂ ಸರಿಯಾಗಿ ಮಾತಾಡುವುದಿಲ್ಲ. ನನ್ನ ಮಾವನ ಮನೆ ಹುಣಸೂರಿನಲ್ಲಿ. ಮುಳ್ಳೇರಿಯಾದಿಂದ ಜಾಲ್ಸೂರು, ಸುಳ್ಯ, ಸಂಪಾಜೆ, ಮಡಿಕೇರಿ, ಕುಶಾಲನಗರ ದಾಟಿ ಹೋಗಬೇಕು. ಅಷ್ಟು ದೂರ ಮನೆಯವಳು ಹಿಂದೆ ಕೂರಬೇಕು. ಸುಜುಕಿ ಜಿಕ್ಸರ್ ಎಸ್‌ಎಫ್ 250 ನನಗೆ ತುಂಬಾ ಹಿಡಿಸಿತ್ತು. 161 ಕೆ.ಜಿ. ಅಷ್ಟೇ, ಹ್ಯಾಂಡಲ್ ಬೆನ್ನು ಬಗ್ಗಿಸುವಷ್ಟು ಕೆಳಗಿಲ್ಲ, ಮುಂದೆ ಪೂರ್ತಿ ಫೇರಿಂಗ್ (ಗಾಳಿ ತಡೆಯುವ ಹೊದಿಕೆ). ಟಿವಿಎಸ್ ಅಪಾಚೆ ಆರ್‌ಆರ್ 310 ಸಹ ನೋಡಿದೆ. ಎರಡರಲ್ಲೂ ಹಿಂದಿನ ಸೀಟು ಬೇರೆ ತುಂಡು, ಮುಂದಿನದಕ್ಕಿಂತ ಎತ್ತರ. ಅವಳು ಕೂತು ನೋಡಿದಳು. "ಸುಳ್ಯದವರೆಗೆ ಆದೀತು, ಮತ್ತೆ ಇಳಿಸಿ ಬಸ್ಸಿಗೆ ಹತ್ತಿಸಿ" ಅಂದಳು. ಡೊಮಿನಾರ್‌ನಲ್ಲಿ ಕೂತಾಗ ಮೊದಲು ಬೆನ್ನಿಗೆ ಆಸರೆ ಇದೆಯಾ ಅಂತ ಕೈ ಹಿಂದೆ ಹಾಕಿ ನೋಡಿದಳು. ಇತ್ತು. "ಇದರಲ್ಲಾದ್ರೆ ಬರ್ತೇನೆ" ಅಂದದ್ದು ಅಲ್ಲಿಯೇ.

ಆ ಆಸರೆ ಬಂದದ್ದು ಟೂರಿಂಗ್ ಸಾಮಾನಿನ ಜೊತೆ. 2021ರ ಅಕ್ಟೋಬರ್‌ನಿಂದ ಕಂಪನಿಯೇ ಎತ್ತರದ ವೈಸರ್, ಕೈಗೆ ಗಾರ್ಡ್, ಎಂಜಿನ್ ಕೆಳಗೆ ತಗಡಿನ ರಕ್ಷಣೆ, ಹಿಂದೆ ಕ್ಯಾರಿಯರ್ ಮತ್ತು ಬೆನ್ನಾಸರೆ, ಫೋನ್ ಚಾರ್ಜ್ ಮಾಡುವ ಪಾಯಿಂಟ್ ಎಲ್ಲ ಹಾಕಿ ಕೊಡಲು ಶುರು ಮಾಡಿತು. ಸೆಕೆಂಡ್ ಹ್ಯಾಂಡ್ ಹುಡುಕುವವರು ಅದರ ನಂತರದ ಗಾಡಿಯನ್ನೇ ಹುಡುಕಿ. ವೈಸರ್ ಎದೆಗೆ ಬಡಿಯುವ ಗಾಳಿ ತಡೆಯುತ್ತದೆ. ಆದರೆ ಪೂರ್ತಿ ಫೇರಿಂಗ್ ಇಲ್ಲವಲ್ಲ, ಮಳೆಗೆ ಮೊಣಕಾಲಿನ ಕೆಳಗೆ ಒದ್ದೆಯಾಗುವುದೇ. ರೈನ್‌ಕೋಟಿನ ಪ್ಯಾಂಟ್ ಒಳ್ಳೆಯದು ತಗೊಳ್ಳಿ.

ಮಂಗಳೂರಿನ ಒಂದು ಶೋರೂಮಿನಲ್ಲಿ, ಹಿಂದೆ ಜನ ಕೂರಿಸಿ ಟೆಸ್ಟ್ ರೈಡ್ ಕೊಡುವುದಿಲ್ಲ ಅಂದರು. ಎಷ್ಟು ಕೇಳಿದರೂ ಇಲ್ಲ. ಎರಡು ಲಕ್ಷದ ಮೇಲೆ ಹಣ ಕೊಡುವ ಗಿರಾಕಿಗೆ ಹತ್ತು ನಿಮಿಷ ಹೆಂಡತಿಯನ್ನು ಕೂರಿಸಿಕೊಂಡು ಹೋಗಲು ಬಿಡದಿದ್ದರೆ ಟೂರಿಂಗ್ ಬೈಕ್ ಮಾರುವುದು ಹೇಗೆ? ನಾವು ಅಲ್ಲಿಂದ ಎದ್ದು ಬಂದೆವು.

ಸಂಪಾಜೆ ಘಾಟಿ ಇಳಿಯುವಾಗಿನ ಮಾತು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಳೆ, ಮಂಜು, ಹಿಂದೊಬ್ಬರು, ಕ್ಯಾರಿಯರ್‌ನಲ್ಲಿ ಬ್ಯಾಗ್. ತಿರುವಿಗೆ ಮೊದಲು ನಾಲ್ಕರಿಂದ ಎರಡಕ್ಕೆ ಸಟಸಟ ಗೇರ್ ಇಳಿಸಿದರೆ 150ರಲ್ಲಿ ಹಿಂದಿನ ಚಕ್ರ ಒಂದು ಕ್ಷಣ ಹಿಡಿದು ಜಾರುವ ಹಾಗೆ ಆಗುತ್ತಿತ್ತು. ಡೊಮಿನಾರ್‌ನಲ್ಲಿ ಸ್ಲಿಪ್ಪರ್ ಕ್ಲಚ್ ಇದೆ. ಎಂಜಿನ್ನಿನ ತಡೆ ಚಕ್ರಕ್ಕೆ ಒಮ್ಮೆಲೇ ಹೋಗದಂತೆ ಅದು ಸ್ವಲ್ಪ ಜಾರಿಸಿ ಬಿಡುತ್ತದೆ. ನನ್ನ ಹಳೆಯ ಗಾಡಿಯಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡುವ ವ್ಯವಸ್ಥೆ) ಮುಂದಿನ ಚಕ್ರಕ್ಕೆ ಮಾತ್ರ. ಇದರಲ್ಲಿ ಎರಡಕ್ಕೂ. ಮುಂದೆ 320 ಮಿ.ಮೀ. ಡಿಸ್ಕ್. ಮುರಕಲ್ಲಿನ ಹುಡಿ ಒದ್ದೆಯಾಗಿ ರಸ್ತೆಗೆ ಕೆಂಪಗೆ ಮೆತ್ತಿಕೊಂಡ ಜಾಗದಲ್ಲಿ ಹಿಂದಿನ ಬ್ರೇಕ್ ಒತ್ತಿ ನೋಡಿ. ಪೆಡಲ್ ಕಾಲಡಿಯಲ್ಲಿ ಟಕಟಕ ಅಂತ ನಡುಗುತ್ತದೆ, ಗಾಡಿ ನೇರವೇ ನಿಲ್ಲುತ್ತದೆ. ಅಪ್‌ಗ್ರೇಡ್‌ಗೆ ಕೊಟ್ಟ ಹಣದಲ್ಲಿ ದೊಡ್ಡ ಪಾಲು ನನಗೆ ವಾಪಸ್ ಬಂದದ್ದು ಇಲ್ಲಿ.

ಟ್ಯಾಂಕ್ 13 ಲೀಟರ್. ಇಬ್ಬರು ಕೂತು ನಿಧಾನ ಹೋದರೆ ನನಗೆ ಲೀಟರಿಗೆ 27, 28 ಕಿ.ಮೀ. ಸಿಗುತ್ತದೆ. ಹುಣಸೂರಿಗೆ ನಡುವೆ ಪೆಟ್ರೋಲ್ ಹಾಕದೆ ಮುಟ್ಟಬಹುದು. ಲಿಕ್ವಿಡ್ ಕೂಲ್ಡ್ ಎಂಜಿನ್ ಆದ್ದರಿಂದ ಕಾಸರಗೋಡು ಪೇಟೆಯ ಏಪ್ರಿಲ್ ಬಿಸಿಲಿನಲ್ಲಿ ಫ್ಯಾನ್ ತಿರುಗಿ ಕಾಲಿಗೆ ಬಿಸಿ ಗಾಳಿ ಬಡಿಯುತ್ತದೆ, ಅದು ಈ ಜಾತಿಯ ಎಂಜಿನ್ನಿನ ಗುಣ. ಗೇರ್ ಸಂಖ್ಯೆ ಮತ್ತು ಗಡಿಯಾರ ತೋರಿಸುವ ಚಿಕ್ಕ ಡಿಸ್‌ಪ್ಲೇ ನನ್ನ ಮಾಡೆಲ್‌ನಲ್ಲಿ ಟ್ಯಾಂಕಿನ ಮೇಲಿದೆ. ನೋಡಬೇಕಾದರೆ ತಲೆ ತಗ್ಗಿಸಬೇಕು. 2025ರ ಮಾಡೆಲ್‌ನಲ್ಲಿ ಕಲರ್ ಡಿಸ್‌ಪ್ಲೇ ಬಂದಿದೆ, ರೇನ್ ಸೇರಿ ನಾಲ್ಕು ರೈಡಿಂಗ್ ಮೋಡ್ ಕೂಡ.

ಹಣದ ವಿಷಯದಲ್ಲಿ 350 ಸಿಸಿಯ ಗೆರೆ ಒಂದನ್ನು ನೆನಪಿಡಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ 18%, ಅದರ ಮೇಲೆ 40%. ಇನ್ಶೂರೆನ್ಸಿಗೂ ಅದೇ ಗೆರೆ. 2022ರಲ್ಲಿ ಪ್ರಕಟವಾದ ಥರ್ಡ್ ಪಾರ್ಟಿ ದರ ನೋಡಿದರೆ 150ರಿಂದ 350 ಸಿಸಿಗೆ ವರ್ಷಕ್ಕೆ 1,366 ರೂ., 350 ದಾಟಿದರೆ 2,804 ರೂ. ಹೊಸ ಗಾಡಿಗೆ ಐದು ವರ್ಷದ್ದು ಒಟ್ಟಿಗೆ ಕಟ್ಟಬೇಕು. ಕೇರಳದಲ್ಲಿ ಬೆಲೆ ಏರಿದ ಹಾಗೆ ರಸ್ತೆ ತೆರಿಗೆಯ ಶೇಕಡಾ ಲೆಕ್ಕವೂ ಏರುತ್ತದೆ. ಇದೆಲ್ಲ ಕೂಡಿಸಿ ನೋಡಿದ ಮೇಲೆ ನಾನು ಹೊಸದರ ಆಸೆ ಬಿಟ್ಟೆ.

ಮಂಗಳೂರಿನಲ್ಲಿ ಕೆಎ 19 ನಂಬರಿನ ಗಾಡಿ ಬೇಕಾದಷ್ಟು ಸಿಗುತ್ತದೆ. ಗಡಿ ದಾಟಿಸಿ ಇಲ್ಲಿ ಖಾಯಂ ಓಡಿಸಬೇಕಾದರೆ ಅಲ್ಲಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿ ತೆರಿಗೆ, ಹೊಸ ನಂಬರ್. ಅಲ್ಲಿ ಉಳಿಸಿದ ಹಣ ಇಲ್ಲಿ ಹೋಗುತ್ತದೆ. ನಾನು ಕಾಞಂಗಾಡಿನಲ್ಲಿ ಕೆಎಲ್ 60 ನಂಬರಿನದ್ದೇ ಹುಡುಕಿದೆ. ನೋಡಲು ಬೆಳಿಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರುವಾಗ. ನಾನು ಮೊದಲು ಸೈಲೆನ್ಸರ್ ಮುಟ್ಟಿ ನೋಡಿದೆ, ಮುಂಚೆಯೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದಾರಾ ಅಂತ. ಮತ್ತೆ ಹಿಂದಿನ ಸ್ಪ್ರಾಕೆಟ್‌ನ (ಚೈನ್ ಕೂರುವ ಚಕ್ರ) ಹಲ್ಲು. ಅದು ಕೊಕ್ಕೆಯ ಹಾಗೆ ಒಂದೇ ಕಡೆಗೆ ಬಾಗಿದ್ದರೆ ಚೈನ್ ಸೆಟ್ ಪೂರ್ತಿ ಬದಲಾಯಿಸಬೇಕು, ಆ ಹಣ ಬೆಲೆಯಲ್ಲಿ ಇಳಿಸಿ. ಮುಂದಿನ ಫೋರ್ಕಿನ ಪೈಪಿಗೆ ಬೆರಳು ಒರೆಸಿ, ಎಣ್ಣೆ ಅಂಟಿದರೆ ಸೀಲ್ ಹೋಗಿದೆ ಅಂತ ಅರ್ಥ. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 1822 ಅಂದರೆ 2022ರ ಹದಿನೆಂಟನೇ ವಾರ. ಟಯರಿನ ಹಲ್ಲು ಸವೆಯದೆ ಇದ್ದರೂ ರಬ್ಬರ್ ಹಳೆಯದಾಗಿ ಗಟ್ಟಿಯಾಗಿದ್ದರೆ ನಮ್ಮ ಮಳೆಗೆ ಅದು ಬೇಡ. ಸೈಲೆನ್ಸರ್ ಬದಲಾಯಿಸಿದ್ದರೆ ಕಂಪನಿಯದ್ದು ವಾಪಸ್ ಹಾಕಿಸಿಯೇ ತಗೊಳ್ಳಿ, ಕೇರಳದ ಎಂವಿಡಿ (ಮೋಟಾರು ವಾಹನ ಇಲಾಖೆ) ಈ ವಿಷಯದಲ್ಲಿ ಬಿಡುವುದಿಲ್ಲ.

ಮಳೆಗಾಲದಲ್ಲಿ ಚೈನ್ ತೊಳೆದು ಲ್ಯೂಬ್ ಹೊಡೆಯುವುದನ್ನು ಪಲ್ಸರ್‌ಗಿಂತ ಬೇಗ ಬೇಗ ಮಾಡಬೇಕು. ಪಲ್ಸರ್‌ನಲ್ಲಿ ಚೈನಿಗೆ ಪೂರ್ತಿ ಮುಚ್ಚಳ ಇತ್ತು, ಇಲ್ಲಿ ಇಲ್ಲ.

ಉಪ್ಪಳದ ಗೆಳೆಯನೊಬ್ಬ ದಿನಾ ಮಂಗಳೂರಿಗೆ ಹೋಗಿ ಬರುವವನು. ಒಬ್ಬನೇ, ಸಮ ರಸ್ತೆ, ಹಿಂದೆ ಕೂರಲು ಯಾರೂ ಇಲ್ಲ. ಅವನೂ ನನ್ನನ್ನು ನೋಡಿ ಡೊಮಿನಾರ್ ಬೇಕು ಅಂತ ಹೊರಟಿದ್ದ. ಬೇಡ ಮಾರಾಯಾ, ನಿನಗೆ ಜಿಕ್ಸರ್ ಎಸ್‌ಎಫ್ 250 ಸಾಕು ಅಂತ ಹೇಳಿದೆ. ಮೂವತ್ತು ಕೆ.ಜಿ. ಕಡಿಮೆ, 350ರ ಗೆರೆಯ ಒಳಗೆ, ಗಾಳಿಗೆ ಪೂರ್ತಿ ಫೇರಿಂಗ್. ಅವನ ದಾರಿಗೆ ಸರಿಯಾದದ್ದು ಅದುವೇ. ಹೊಸದೇ ಬುಕ್ ಮಾಡಿದ್ದಾನೆ.