6 ವರ್ಷ, 90,000 ಕಿಲೋಮೀಟರ್: ಡೀಸೆಲ್ ಕಾರಿಗೆ ಸಿ3 ದರ್ಜೆಯ 5ಡಬ್ಲ್ಯೂ-30 ಆಯಿಲ್ ಬಳಸಿದ ಅನುಭವ

ನನ್ನದು ಟರ್ಬೊ ಇರುವ, ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಫಿಲ್ಟರ್ ಕೂಡ ಇರುವ ಕಾಮನ್‌ರೈಲ್ ಡೀಸೆಲ್ ಕಾರು. ಕಳೆದ 6 ವರ್ಷಗಳಿಂದ, ಸುಮಾರು 90,000 ಕಿಲೋಮೀಟರ್ ಓಡಾಟದಲ್ಲಿ, ಅದಕ್ಕೆ ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘ) ನಿಗದಿಪಡಿಸಿದ ಸಿ3 ದರ್ಜೆಯ 5ಡಬ್ಲ್ಯೂ-30 ಸಿಂಥೆಟಿಕ್ ಆಯಿಲನ್ನೇ ಹಾಕುತ್ತಾ ಬಂದಿದ್ದೇನೆ. ಈ ಅವಧಿಯಲ್ಲಿ ಎರಡು ಕಂಪನಿಗಳ ಆಯಿಲ್ ಬಳಸಿದ್ದೇನೆ. ದರ್ಜೆಯನ್ನಾಗಲಿ, ಕಾರು ತಯಾರಕರ ಅನುಮೋದನೆ ಇರಬೇಕೆಂಬ ನಿಯಮವನ್ನಾಗಲಿ ಸಡಿಲಿಸಿಲ್ಲ. ಹಾಗಾಗಿ ಇಲ್ಲಿ ತೂಗಿ ನೋಡುತ್ತಿರುವುದು ಆ ದರ್ಜೆಯನ್ನು. ಯಾವ ಬ್ರ್ಯಾಂಡ್ ಎಂಬುದು ನನ್ನ ಮಟ್ಟಿಗೆ ಎರಡನೆಯ ಮಾತು.

ಅದಕ್ಕೂ ಮುಂಚೆ ಎರಡು ಸರ್ವೀಸ್‌ಗಳಲ್ಲಿ ಇದಕ್ಕಿಂತ ದಪ್ಪನೆಯ 15ಡಬ್ಲ್ಯೂ-40 ಆಯಿಲ್ ಹಾಕಿಸಿದ್ದೆ. "ಸರ್, ಡೀಸೆಲ್ ಗಾಡಿಗೆ ಆಯಿಲ್ ದಪ್ಪ ಇದ್ದಷ್ಟೂ ಎಂಜಿನ್ ಬಾಳಿಕೆ ಬರುತ್ತೆ" ಎಂದ ಮೆಕ್ಯಾನಿಕ್‌ನ ಮಾತನ್ನು ನಂಬಿ, ಕಾರಿನ ಕೈಪಿಡಿಯನ್ನು ತೆರೆದೂ ನೋಡಲಿಲ್ಲ. ಆ ಡಬ್ಬಿಯ ಮೇಲೆ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಸಿಐ-4 ಎಂದಿತ್ತು. ಭಾರಿ ವಾಹನಗಳ ಎಂಜಿನ್‌ಗಳಿಗೆಂದು 2002ರಲ್ಲಿ ಬಂದ ದರ್ಜೆ ಅದು. ಡಿಪಿಎಫ್ ಅನ್ನು ಗಮನದಲ್ಲಿಟ್ಟುಕೊಂಡು ರೂಪಿಸಿದ್ದಲ್ಲ. ತನ್ನ ಕೆಲಸಕ್ಕೆ ಅದು ಒಳ್ಳೆಯ ಆಯಿಲೇ, ನನ್ನ ಕಾರಿಗೆ ಮಾತ್ರ ಸಲ್ಲದು. ಆ ಆಯಿಲ್‌ನಲ್ಲಿ 20,000 ಕಿಲೋಮೀಟರ್ ಓಡುವಷ್ಟರಲ್ಲಿ, ಮೊದಲು ಸುಮಾರು 400 ಕಿಲೋಮೀಟರಿಗೊಮ್ಮೆ ನಡೆಯುತ್ತಿದ್ದ ರೀಜನರೇಷನ್, ಅಂದರೆ ಡಿಪಿಎಫ್‌ನಲ್ಲಿ ಸೇರಿದ ಮಸಿಯನ್ನು ಸುಡುವ ಕ್ರಿಯೆ, 250 ಕಿಲೋಮೀಟರಿಗೊಮ್ಮೆ ನಡೆಯತೊಡಗಿತ್ತು. ಪೂರ್ತಿ ತಪ್ಪನ್ನು ಆಯಿಲ್ ಮೇಲೆ ಹೊರಿಸಲಾರೆ. ಆ ದಿನಗಳಲ್ಲಿ ಎಂಜಿನ್ ಬಿಸಿಯಾಗುವ ಮುಂಚೆಯೇ ಮುಗಿದುಹೋಗುವ ಸಣ್ಣಪುಟ್ಟ ಓಡಾಟವೂ ನನಗೆ ಹೆಚ್ಚಿತ್ತು. ಆದರೂ ಕೈಪಿಡಿ ತೆರೆಯಲು ಕಾರಣವಾದದ್ದು ಅದೇ.

ಮಸಿಗೂ ಬೂದಿಗೂ ಇರುವ ವ್ಯತ್ಯಾಸ ಆಗಲೇ ನನಗೆ ಸ್ಪಷ್ಟವಾದದ್ದು. ಡೀಸೆಲ್ ಉರಿದು ಬರುವ ಮಸಿ ಇಂಗಾಲ. ಫಿಲ್ಟರ್‌ನೊಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿಸಿದರೆ ಅದು ಸುಟ್ಟು ಅನಿಲವಾಗಿ ಹೊರಟುಹೋಗುತ್ತದೆ. ಎಂಜಿನ್ ಆಯಿಲ್‌ನಲ್ಲಿ ಬೆರೆಸಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತುವಿನ ಸಂಯುಕ್ತಗಳು ಹಾಗಲ್ಲ. ಪಿಸ್ಟನ್ ರಿಂಗ್‌ಗಳನ್ನು ದಾಟಿ ಉರಿಯುವ ಚೂರುಪಾರು ಆಯಿಲ್ ಬಿಟ್ಟುಹೋಗುವ ಬೂದಿ ಆ ಬಿಸಿಗೂ ಸುಟ್ಟುಹೋಗದೆ ಫಿಲ್ಟರ್‌ನ ಕೊಳವೆಗಳ ತುದಿಯಲ್ಲಿ ಕೂರುತ್ತದೆ, ಮಸಿಗೆ ಸಿಗಬೇಕಾದ ಜಾಗವನ್ನು ವರ್ಷದಿಂದ ವರ್ಷಕ್ಕೆ ಕಿತ್ತುಕೊಳ್ಳುತ್ತದೆ. ಇದಕ್ಕಾಗಿಯೇ ಸಿ3 ದರ್ಜೆಯಲ್ಲಿ ಸಲ್ಫೇಟೆಡ್ ಬೂದಿಯ (ಆಯಿಲ್ ಸುಟ್ಟಾಗ ಉಳಿಯುವ ಬೂದಿಯ ಅಳತೆ) ಪ್ರಮಾಣ ಶೇ 0.8 ಮೀರಬಾರದೆಂಬ ಕಟ್ಟುಪಾಡಿದೆ. ಎಸಿಇಎಯದೇ ಇನ್ನೊಂದು ದರ್ಜೆಯಾದ ಎ3/ಬಿ4ರಲ್ಲಿ ಅದು ಶೇ 1.6ರವರೆಗೂ ಹೋಗಬಹುದು.

ದಪ್ಪದ ವಿಷಯದಲ್ಲೂ ನನ್ನ ತಿಳಿವಳಿಕೆ ತಪ್ಪಾಗಿತ್ತು. ಡಬ್ಲ್ಯೂ ಎಂದರೆ ವಿಂಟರ್. ಅದಕ್ಕಿಂತ ಮೊದಲು ಬರುವ ಅಂಕಿ ಎಂಜಿನ್ ತಣ್ಣಗಿರುವಾಗಿನ ಗುಣವನ್ನು ಹೇಳುತ್ತದೆ, ನಂತರದ್ದು ಬಿಸಿಯಾದಾಗಿನದನ್ನು. ಆದರೆ ಬೇರಿಂಗ್‌ನ ಕಿರಿದಾದ ಸಂದಿಯಲ್ಲಿ, ಆಯಿಲ್ ಪದರವನ್ನು ಒತ್ತಿ ಉಜ್ಜುವ ಜಾಗದಲ್ಲಿ, ಅದು ಎಷ್ಟು ತಾಳುತ್ತದೆ ಎಂಬುದನ್ನು ಈ ಎರಡು ಅಂಕಿಗಳು ಪೂರ್ತಿಯಾಗಿ ಹೇಳುವುದಿಲ್ಲ. ಅದನ್ನು ಅಳೆಯುವುದು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆಸುವ ಎಚ್‌ಟಿಎಚ್‌ಎಸ್ (ಹೈ ಟೆಂಪರೇಚರ್ ಹೈ ಶಿಯರ್) ಪರೀಕ್ಷೆ. ಸಿ3 ದರ್ಜೆಗೆ ಆ ಪರೀಕ್ಷೆಯಲ್ಲಿ ಕನಿಷ್ಠ 3.5 ಮಿಲಿಪಾಸ್ಕಲ್-ಸೆಕೆಂಡ್ ಬೇಕು. ಸಿ2 ದರ್ಜೆಗೆ 2.9 ಸಾಕು. ಅಂಗಡಿಯ ಕಪಾಟಿನಲ್ಲಿ ಅಕ್ಕಪಕ್ಕ ಇರುವ ಎರಡು ಡಬ್ಬಿಗಳ ಮೇಲೂ 5ಡಬ್ಲ್ಯೂ-30 ಎಂದೇ ದೊಡ್ಡದಾಗಿ ಬರೆದಿರುತ್ತದೆ, ಒಳಗಿರುವುದು ಮಾತ್ರ ಬೇರೆ ಬೇರೆ ಎಂಜಿನ್‌ಗಳಿಗೆ ಮಾಡಿದ ಆಯಿಲ್. ಮುಂಭಾಗದ ಅಂಕಿ ನೋಡಿ ಕೊಳ್ಳುವವರು ಮೋಸಹೋಗುವುದು ಇಲ್ಲಿಯೇ, ಮತ್ತು ಇದರಲ್ಲಿ ಅವರ ತಪ್ಪಿಗಿಂತ ಡಬ್ಬಿಯ ವಿನ್ಯಾಸದ ತಪ್ಪೇ ಹೆಚ್ಚು ಎಂಬುದು ನನ್ನ ದೃಢ ಅಭಿಪ್ರಾಯ.

ಸಿ3ಗೆ ಬದಲಾದ ಮೇಲೆ ಮೊದಲು ಗಮನಕ್ಕೆ ಬಂದದ್ದು ಬೆಳಗಿನ ಸ್ಟಾರ್ಟ್. ತಣ್ಣನೆಯ ಎಂಜಿನ್‌ನಲ್ಲಿ ಮೊದಲ ಕ್ಷಣಗಳಲ್ಲಿ ಕೇಳುತ್ತಿದ್ದ ಒರಟು ಸದ್ದು ಬೇಗ ಅಡಗುತ್ತದೆ. ತೆಳುವಾದ ಆಯಿಲ್ ಟರ್ಬೊವನ್ನೂ ಎಂಜಿನ್‌ನ ಮೇಲ್ಭಾಗವನ್ನೂ ಬೇಗ ತಲುಪುವುದರಿಂದ ಇದು ನಿರೀಕ್ಷಿತವೇ. ಮೈಲೇಜ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆಯಿಲ್ ಬದಲಿಸಿದ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ, ಅದಕ್ಕೆ ಗಾಬರಿಪಡಬೇಕಿಲ್ಲ: ಮಸಿಯನ್ನು ಗಂಟು ಕಟ್ಟಲು ಬಿಡದೆ ತನ್ನಲ್ಲಿ ತೇಲಿಸಿಟ್ಟುಕೊಳ್ಳುವುದೇ ಡೀಸೆಲ್ ಎಂಜಿನ್ ಆಯಿಲ್‌ನ ಕೆಲಸ.

ಮೂರನೆಯ ವರ್ಷ ನಡೆದ ಒಂದು ಸಂಗತಿಯನ್ನು ವಿವರವಾಗಿ ಹೇಳಲೇಬೇಕು. ಒಂದು ಬೆಳಿಗ್ಗೆ ಡಿಪ್‌ಸ್ಟಿಕ್ ಎಳೆದು ಬಟ್ಟೆಯಲ್ಲಿ ಒರೆಸಿ, ಮತ್ತೆ ಇಳಿಸಿ ತೆಗೆದರೆ, ಆಯಿಲ್ ಗೆರೆ ಮೇಲಿನ ಗುರುತಿಗಿಂತ ಅರ್ಧ ಬೆರಳಿನಷ್ಟು ಮೇಲಿತ್ತು. ಹಾಕಿದ ಆಯಿಲ್ ಕಡಿಮೆಯಾಗುವುದು ಗೊತ್ತು, ಹೆಚ್ಚಾಗುವುದೆಂದರೇನು? ಬೆರಳಿಗೆ ಸವರಿ ಮೂಸಿದಾಗ ಡೀಸೆಲ್ ವಾಸನೆ ಸ್ಪಷ್ಟವಾಗಿ ಬಂತು. ರೀಜನರೇಷನ್ ಸಮಯದಲ್ಲಿ ಫಿಲ್ಟರ್ ಬಿಸಿ ಮಾಡಲೆಂದು ಸಿಲಿಂಡರ್‌ಗೆ ತಡವಾಗಿ ಚಿಮ್ಮಿಸುವ ಡೀಸೆಲ್‌ನಲ್ಲಿ ಒಂದಷ್ಟು ಸಿಲಿಂಡರ್ ಗೋಡೆಗುಂಟ ಜಾರಿ ಆಯಿಲ್‌ಗೆ ಸೇರುತ್ತದೆ. ಸಣ್ಣ ಓಡಾಟದಲ್ಲಿ ರೀಜನರೇಷನ್ ಮತ್ತೆ ಮತ್ತೆ ಅರ್ಧಕ್ಕೇ ನಿಂತರೆ ಇದು ಹೆಚ್ಚುತ್ತದೆ. ಮಟ್ಟ ಮಿತಿ ಮೀರಿದರೆ ಆಯಿಲ್ ಬ್ರೀದರ್ (ಎಂಜಿನ್‌ನೊಳಗಿನ ಆವಿ ಹೊರಹೋಗುವ ಕೊಳವೆ) ಮೂಲಕ ಗಾಳಿಯ ದಾರಿಗೆ ಸೇರಿ, ಎಂಜಿನ್ ಅದನ್ನೇ ಇಂಧನವಾಗಿ ಉರಿಸಿಕೊಂಡು ಹತೋಟಿ ತಪ್ಪುವ ಅಪಾಯವೂ ಇದೆ. ಅಂದು ಕಾರು ಓಡಿಸಲಿಲ್ಲ. ಆಯಿಲ್ ಹಾಕಿ 7,000 ಕಿಲೋಮೀಟರ್ ಆಗಿತ್ತಷ್ಟೇ, ಆದರೂ ಇಳಿಸಿಸಿ ಹೊಸದು ತುಂಬಿಸಿದೆ. ಇಳಿಸಿದ ಆಯಿಲ್‌ನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದಾಗ, 100 ಡಿಗ್ರಿಯಲ್ಲಿ 12 ಸೆಂಟಿಸ್ಟೋಕ್ಸ್ ಹತ್ತಿರವಿದ್ದ ಅದರ ಸ್ನಿಗ್ಧತೆ, ಅಂದರೆ ದಪ್ಪ, 9.5ಕ್ಕೆ ಇಳಿದಿರುವುದು ಗೊತ್ತಾಯಿತು. 30ರ ಶ್ರೇಣಿಯ ಕೆಳಮಿತಿಯೇ 9.3. ಅಂದಿನಿಂದ ಕೈಪಿಡಿ ಹೇಳುವ ಗರಿಷ್ಠ ಅಂತರವನ್ನು ಕಾಯದೆ, ಅದರ ಅರ್ಧಕ್ಕೇ ಆಯಿಲ್ ಬದಲಿಸುತ್ತಿದ್ದೇನೆ, ಪ್ರತಿ ಬಾರಿ ಫಿಲ್ಟರ್ ಮತ್ತು ಡ್ರೈನ್ ಬೋಲ್ಟಿನ ವಾಷರ್ ಸಹಿತ.

ಕೊಳ್ಳುವಾಗ ಡಬ್ಬಿಯ ಹಿಂಭಾಗದ ಸಣ್ಣ ಅಕ್ಷರಗಳನ್ನು ಓದಿ. ಮರ್ಸಿಡಿಸ್ 229.51, ಫೋಕ್ಸ್‌ವ್ಯಾಗನ್ 507 00 ಇಂಥವು ಕಾರು ತಯಾರಕರು ತಾವೇ ನಿಗದಿಪಡಿಸಿದ ಮಾನದಂಡಗಳು. "ಅನುಮೋದಿತ" ಎಂದಿದ್ದರೆ ತಯಾರಕರು ಒಪ್ಪಿಗೆ ಕೊಟ್ಟಿದ್ದಾರೆಂದು ಅರ್ಥ; "ಅಗತ್ಯಗಳನ್ನು ಪೂರೈಸುತ್ತದೆ" ಎಂದಷ್ಟೇ ಇದ್ದರೆ ಅದು ಆಯಿಲ್ ಕಂಪನಿಯ ಸ್ವಂತ ಮಾತು. ನಾನು ಮೊದಲನೆಯದನ್ನೇ ಕೊಳ್ಳುತ್ತೇನೆ.

ಎಲ್ಲ ಡೀಸೆಲ್ ಕಾರುಗಳಿಗೂ ಸಿ3 ಬೇಕೆಂದು ಹೇಳಲಾರೆ. ಬೂದಿ ಕಡಿಮೆ ಇರುವ ಆಯಿಲ್‌ನಲ್ಲಿ ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿಯೂ ಸಾಮಾನ್ಯವಾಗಿ ಕಡಿಮೆ. ಗಂಧಕ ಹೆಚ್ಚಿರುವ ಡೀಸೆಲ್ ಬಳಸಿದರೆ ಅದು ಬೇಗ ಬರಿದಾಗುತ್ತದೆ. ಡಿಪಿಎಫ್ ಇಲ್ಲದ ಹಳೆಯ ಕಾರಿನ ಕೈಪಿಡಿ ಎ3/ಬಿ4 ಎಂದು ಹೇಳಿದ್ದರೆ ಅದನ್ನೇ ಹಾಕುವುದು ಸರಿ.

ನನ್ನ ಕಾರಿನಲ್ಲಿ ಈಗ ರೀಜನರೇಷನ್ ಸುಮಾರು 330 ಕಿಲೋಮೀಟರಿಗೊಮ್ಮೆ ನಡೆಯುತ್ತದೆ. ವಾರಕ್ಕೊಮ್ಮೆಯಾದರೂ ದೂರದ ಓಡಾಟ ಮಾಡುತ್ತಿರುವುದೂ ಅದಕ್ಕೆ ನೆರವಾಗಿದೆ. ಮೊದಲಿನ 400ಕ್ಕೆ ಅದು ಮರಳಿಲ್ಲ. ಫಿಲ್ಟರ್‌ನಲ್ಲಿ ಕೂತ ಬೂದಿ ಅಲ್ಲಿಯೇ ಇದೆ.