ಗೂಡ್ಸ್ ಗಾಡಿಯ ಫುಲ್ ಇನ್ಶೂರೆನ್ಸ್: ಕೋಲಾರದ ಲಾರಿ ಮಾಲೀಕರು ಮೊದಲು ನೋಡಬೇಕಾದ್ದು ಡ್ರೈವರ್ ಡಿಎಲ್

ಪಾಲಿಸಿ ಪರವಾಗಿಲ್ಲ, ಅದನ್ನು ಮಾರುವ ರೀತಿ ಮಾತ್ರ ಅರೆಬರೆ. ಕೋಲಾರ ಎಪಿಎಂಸಿಯಿಂದ ಟೊಮ್ಯಾಟೊ ಹೊರುವ ಕೆಎ 07 ಗಾಡಿಗೆ ಯಾವ ಕಂಪನಿಯ ಪ್ಯಾಕೇಜ್ ಪಾಲಿಸಿ (ಫುಲ್ ಇನ್ಶೂರೆನ್ಸ್ ಅನ್ನುವುದು ಇದನ್ನೇ) ಕೊಂಡರೂ ಒಳಗಿನ ಮೂಲ ಷರತ್ತುಗಳು ಹೆಚ್ಚುಕಡಿಮೆ ಒಂದೇ. ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಯ ಭಾಗದ ದರವಂತೂ ಸರ್ಕಾರವೇ ಗೊತ್ತುಮಾಡಿದ್ದು. 2022ರ ಜೂನ್ 1ರ ಪಟ್ಟಿಯಂತೆ ಒಟ್ಟು ತೂಕ (ಸರಕೂ ಸೇರಿ) 7,500 ಕೆಜಿವರೆಗಿನ ಬಾಡಿಗೆ ಗಾಡಿಗೆ 16,049 ರೂಪಾಯಿ, 12ರಿಂದ 20 ಟನ್‌ವರೆಗೆ 35,313, 20ರಿಂದ 40 ಟನ್‌ವರೆಗೆ 43,950, ತೆರಿಗೆ ಬೇರೆ. ಏಜೆಂಟ್ 'ನಮ್ಮಲ್ಲಿ ಕಡಿಮೆ' ಅಂದರೆ ಉಳಿತಾಯವೆಲ್ಲ ಓನ್ ಡ್ಯಾಮೇಜ್, ಅಂದರೆ ಸ್ವಂತ ಗಾಡಿಯ ಹಾನಿಯ ಭಾಗದ್ದು. ಐಡಿವಿ (ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ) ಇಳಿಸಿದ್ದಾರೋ, ಐಎಂಟಿ 23 ಎಂಬ ಹೆಚ್ಚುವರಿ ರಕ್ಷಣೆ ಕೈಬಿಟ್ಟಿದ್ದಾರೋ ನೋಡಿ. ಐಎಂಟಿ 23 ಇಲ್ಲದ ಪಾಲಿಸಿಯಲ್ಲಿ ಬಂಪರ್, ಹೆಡ್‌ಲೈಟ್, ಮಡ್‌ಗಾರ್ಡ್ ಪುಡಿಯಾದರೆ ಖರ್ಚು ನಿಮ್ಮದೇ.

ಪಾಲಿಸಿ ಬರೆಯುವಾಗ ಆರ್‌ಸಿ ಕೇಳುತ್ತಾರೆ, ಡ್ರೈವರ್ ಡಿಎಲ್ ಸಾಮಾನ್ಯವಾಗಿ ಕೇಳುವುದಿಲ್ಲ. ಅದನ್ನು ಕೇಳುವುದು ಕ್ಲೇಮ್ ಫಾರ್ಮ್ ತುಂಬುವಾಗ. ಅಪಘಾತವಾದ ಹೊತ್ತಿನಲ್ಲಿ ಲೈಸೆನ್ಸ್ ಚಾಲ್ತಿಯಲ್ಲಿರಬೇಕು ಅನ್ನುವುದು ಷರತ್ತು. ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಇರುವವನು ಓಡಿಸಬಹುದು, ಆದರೆ ಗಾಡಿಯಲ್ಲಿ ಲೋಡ್ ಇರಕೂಡದು.

ಹೆಚ್ಚು ಎಡವುವುದು ತಾರೀಖಿನಲ್ಲಿ. ಡಿಎಲ್ ಕಾರ್ಡಿನಲ್ಲಿ ಎರಡು ಅವಧಿ ಇರುತ್ತದೆ: ಎನ್‌ಟಿ ಎಂದಿರುವುದು ಸ್ವಂತ ಗಾಡಿಗೆ, ಟಿಆರ್ ಎಂದಿರುವುದು ಟ್ರಾನ್ಸ್‌ಪೋರ್ಟ್‌ಗೆ. ಮಾಲೀಕರು ದೂರದ ಎನ್‌ಟಿ ತಾರೀಖು ನೋಡಿ ಕಾರ್ಡ್ ವಾಪಸ್ ಕೊಟ್ಟುಬಿಡುತ್ತಾರೆ. ಟಿಆರ್ ಐದೇ ವರ್ಷ. ಮುಗಿದ ಮೇಲೆ ಮೊದಲು ಸಿಗುತ್ತಿದ್ದ 30 ದಿನದ ರಿಯಾಯಿತಿ 2019ರ ತಿದ್ದುಪಡಿಯಲ್ಲೇ ಹೋಯಿತು. ತಡವಾಗಿ ಮಾಡಿಸಿದ ರಿನೀವಲ್ ಹಳೇ ತಾರೀಖಿಗೆ ಹಿಂದಕ್ಕೆ ಹೋಗುವುದಿಲ್ಲ, ಮಾಡಿಸಿದ ದಿನದಿಂದಲೇ ಲೆಕ್ಕ. ನಡುವಿನ ದಿನಗಳಲ್ಲಿ ನಂಗಲಿ ಕಡೆ ಗಾಡಿ ಪಲ್ಟಿಯಾದರೆ ಕ್ಲೇಮ್ ತಡೆಯಲು ಕಂಪನಿಗೆ ಅಷ್ಟೇ ಸಾಕು. ವರ್ಷ ದಾಟಿದರೆ ಟೆಸ್ಟೂ ಮತ್ತೆ ಕೊಡಬೇಕು. ರಿನೀವಲ್‌ಗೆ ಡಾಕ್ಟರ ಸಹಿಯ ಫಾರ್ಮ್ 1ಎ ಬೇಕು, ಹಾಗಾಗಿ ಕೊನೇ ವಾರಕ್ಕೆ ಬಿಡಬೇಡಿ.

ಇನ್ನೊಂದು ತಕರಾರು ಎಲ್‌ಎಂವಿ (ಲಘು ವಾಹನ) ಲೈಸೆನ್ಸಿನದು. ಒಟ್ಟು ತೂಕ 7,500 ಕೆಜಿ ಮೀರದ ಸರಕು ಗಾಡಿಗೆ ಬೇರೆ ಟ್ರಾನ್ಸ್‌ಪೋರ್ಟ್ ನಮೂದು ಬೇಡ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು, 2024ರ ನವೆಂಬರ್ 6ರಂದು ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ಪಿಕಪ್, ಟಾಟಾ ಏಸ್ ಇದ್ದವರಿಗೆ ಇದು ದೊಡ್ಡ ನೆಮ್ಮದಿ; ಆ ಕಾರಣ ಹೇಳಿ ಕ್ಲೇಮ್ ತಿರಸ್ಕರಿಸಿದರೆ ತೀರ್ಪು ತೋರಿಸಿ. ನೋಡಬೇಕಾದ್ದು ಆರ್‌ಸಿಯಲ್ಲಿ ಬರೆದ ಒಟ್ಟು ತೂಕ, ಖಾಲಿ ಗಾಡಿಯದಲ್ಲ. ಹತ್ತು ಚಕ್ರದ ಲಾರಿಗೆ ಈ ಸೌಲಭ್ಯವಿಲ್ಲ.

ಡಿಎಲ್ ಕೆಟ್ಟಿದ್ದರೆ ಸ್ವಂತ ಲಾರಿಯ ರಿಪೇರಿ ದುಡ್ಡು ಕೈತಪ್ಪಬಹುದು. ಸತ್ತವರಿಗೆ, ಗಾಯಗೊಂಡವರಿಗೆ ಕಂಪನಿ ಮೊದಲು ಪರಿಹಾರ ಕಟ್ಟಿ ಆಮೇಲೆ ಮಾಲೀಕರಿಂದ ವಸೂಲಿ ಮಾಡಲು ಕೋರ್ಟು ಹೇಳುವುದುಂಟು, ಜಮೀನಿಗೆ ಕೈಯಿಡುವಷ್ಟು ಮೊತ್ತ. ಆದರೆ ಸುಪ್ರೀಂ ಕೋರ್ಟಿನ 2004ರ ಸ್ವರಣ್ ಸಿಂಗ್ ತೀರ್ಪಿನಂತೆ ಮಾಲೀಕರ ಅಜಾಗರೂಕತೆಯನ್ನು ಸಾಬೀತು ಮಾಡಬೇಕಾದ್ದು ಕಂಪನಿಯೇ. ಆದ್ದರಿಂದ ಡ್ರೈವರ್ ಕೆಲಸಕ್ಕೆ ಸೇರುವ ದಿನ ಅವನ ಡಿಎಲ್ ನಂಬರ್, ಹುಟ್ಟಿದ ತಾರೀಖು ಹಾಕಿ ಪರಿವಾಹನ್ ಪೋರ್ಟಲ್‌ನಲ್ಲಿ ನೋಡಿ, ತಾರೀಖು ಬೀಳುವ ಹಾಗೆ ಪ್ರಿಂಟ್ ತೆಗೆದು ಫೈಲಿಗೆ ಹಾಕಿ. ಬದಲಿ ಡ್ರೈವರ್ ಒಂದೇ ಟ್ರಿಪ್‌ಗೆ ಬಂದರೂ ಬಿಡಬೇಡಿ.

ಅಂದಹಾಗೆ, ಗಾಡಿಯಲ್ಲಿರುವ ಟೊಮ್ಯಾಟೊ ಬಾಕ್ಸ್ ಈ ಪಾಲಿಸಿಗೆ ಬರುವುದಿಲ್ಲ, ಅದಕ್ಕೆ ಬೇರೆ ಟ್ರಾನ್ಸಿಟ್ ಪಾಲಿಸಿ. ದಾರಿಯಲ್ಲಿ ಕೈ ಅಡ್ಡ ಹಾಕಿ ಬಾಕ್ಸ್ ಮೇಲೆ ಹತ್ತಿ ಕೂತವರೂ ಬರುವುದಿಲ್ಲ.