ಬರ್ಲಿನ್‌ನಲ್ಲಿ ಕೆಲವು ತಿಂಗಳು: ಸರ್ವಿಸ್ ಅಪಾರ್ಟ್‌ಮೆಂಟಾ, ಹಂಚಿಕೊಂಡ ಮನೆಯಾ, ಒಳಬಾಡಿಗೆಯಾ?

ಬರ್ಲಿನ್‌ಗೆ ಕೆಲವು ತಿಂಗಳ ಮಟ್ಟಿಗೆ ಹೊರಟವರು ಮೊದಲು ಕೇಳುವುದು ಬಾಡಿಗೆ ಎಷ್ಟು ಅಂತ. ಮೂರು ಥರದ ಮನೆಗಳಲ್ಲಿ ಇದ್ದು ನೋಡಿದ ಮೇಲೆ ನನ್ನ ಲೆಕ್ಕ ಬೇರೆಯೇ ಆಗಿದೆ. ಬಾಡಿಗೆ ಆಮೇಲೆ. ಮೊದಲು ಕೇಳಬೇಕಾದದ್ದು ಎರಡು ಮಾತು: ಈ ವಿಳಾಸದಲ್ಲಿ ನೋಂದಣಿ ಮಾಡಿಸಬಹುದಾ? ಅಂಚೆ ಡಬ್ಬದ ಮೇಲೆ ನನ್ನ ಹೆಸರು ಹಾಕುತ್ತೀರಾ?

ನಾನಿದ್ದ ಮೂರು ಜಾಗ ಇವು. ಶುರುವಿನಲ್ಲಿ ಆಫೀಸಿನವರು ಕೊಡಿಸಿದ ಸರ್ವಿಸ್ ಅಪಾರ್ಟ್‌ಮೆಂಟ್, ಮೋಆಬಿಟ್ ಬಡಾವಣೆಯಲ್ಲಿ. ಆಮೇಲೆ ನಾಯ್‌ಕೋಲ್ನ್‌ನಲ್ಲಿ ಇನ್ನಿಬ್ಬರ ಜೊತೆ ಹಂಚಿಕೊಂಡ ಮನೆಯ ಒಂದು ಕೋಣೆ. ಇಂಥ ಮನೆಗೆ ಅಲ್ಲಿ ವೇ-ಗೇ ಅಂತಾರೆ. ಕೊನೆಗೆ ವೆಡ್ಡಿಂಗ್‌ನಲ್ಲಿ ಒಂದು ಪೂರ್ತಿ ಮನೆ. ಅದರ ಬಾಡಿಗೆದಾರರು ಬೇರೆ ದೇಶಕ್ಕೆ ಕೆಲಸಕ್ಕೆ ಹೋಗಿದ್ದರು, ವಾಪಸ್ ಬರುವ ತನಕ ನನಗೆ ಒಳಬಾಡಿಗೆಗೆ ಬಿಟ್ಟಿದ್ದರು.

ನೋಂದಣಿಗೆ ಇಷ್ಟು ಒತ್ತು ಯಾಕೆ ಅಂತ ಹೇಳಿಬಿಡುತ್ತೇನೆ. ಜರ್ಮನಿಯಲ್ಲಿ ಮನೆಗೆ ಬಂದ ಎರಡು ವಾರದೊಳಗೆ ಬ್ಯೂರ್ಗರ್‌ಆಮ್ಟ್ ಅನ್ನುವ ನಾಗರಿಕ ಸೇವಾ ಕಚೇರಿಗೆ ಹೋಗಿ ವಿಳಾಸ ದಾಖಲಿಸಬೇಕು. ಇದೇ ಆನ್‌ಮೆಲ್ಡುಂಗ್. ವಿದೇಶದಲ್ಲೇ ಮನೆ ಇಟ್ಟುಕೊಂಡು ಮೂರು ತಿಂಗಳೊಳಗೆ ಹೊರಟುಬಿಡುವವರಿಗೆ ಮಾತ್ರ ಇದು ಬೇಡ. ಬಾಡಿಗೆ ಕರಾರು ಪತ್ರ ತೋರಿಸಿದರೆ ಸಾಕಾಗುವುದಿಲ್ಲ. 2015ರ ನವೆಂಬರ್‌ನಿಂದ, ಇವರು ಇಲ್ಲಿ ವಾಸಕ್ಕೆ ಬಂದಿದ್ದಾರೆ ಎಂದು ಮನೆ ಕೊಟ್ಟವರು ಸಹಿ ಮಾಡಿದ ಇನ್ನೊಂದು ಪತ್ರ ಕಡ್ಡಾಯ. ನೋಂದಣಿ ಆದರೆ ತೆರಿಗೆಯ 11 ಅಂಕಿಯ ಸಂಖ್ಯೆ ತಾನಾಗಿಯೇ ಅಂಚೆಯಲ್ಲಿ ಬರುತ್ತದೆ. ಅಲ್ಲಿನ ಸಂಬಳದ ಪಟ್ಟಿಯಲ್ಲಿ ಇರುವವರು ಆ ಸಂಖ್ಯೆ ಕೊಡದಿದ್ದರೆ, ಎಲ್ಲಕ್ಕಿಂತ ಜಾಸ್ತಿ ತೆರಿಗೆಯ ಆರನೇ ವರ್ಗಕ್ಕೆ ಬೀಳುವ ಸಾಧ್ಯತೆ ಇದೆ. ಬ್ಯಾಂಕುಗಳಲ್ಲೂ ಹಲವು ಈ ನೋಂದಣಿ ಚೀಟಿ ಕೇಳುತ್ತವೆ. ಮನೆ ಕೊಡುವವರು ಕೇಳುವುದೋ ಬ್ಯಾಂಕ್ ಖಾತೆ, ಸಂಬಳದ ಚೀಟಿ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಅನ್ನೋ ಹಾಗೆ.

ಈ ಪರೀಕ್ಷೆಯಲ್ಲಿ ಸರ್ವಿಸ್ ಅಪಾರ್ಟ್‌ಮೆಂಟ್ ಸೋತಿತು. ನಾನಿದ್ದ ಕಡೆ ಆ ಪತ್ರ ಕೊಡುವುದಿಲ್ಲ ಎಂದು ಖಡಾಖಂಡಿತ ಹೇಳಿದರು. ಕೊಡುವ ಕಡೆಗಳೂ ಇವೆ, ಆದರೆ ಬುಕ್ ಮಾಡುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಬೇಕು. ಒಳಬಾಡಿಗೆ ಮನೆಯಲ್ಲಿ ಮೂಲ ಬಾಡಿಗೆದಾರರೇ ಸಹಿ ಮಾಡಬಹುದು. ಮನೆಯ ನಿಜವಾದ ಮಾಲೀಕರು ಬರಬೇಕಿಲ್ಲ. ವೇ-ಗೇಯಲ್ಲೂ ಹಾಗೆಯೇ. ನಾನು ಅಲ್ಲಿ ಕೋಣೆ ನೋಡಲು ಹೋದ ದಿನವೇ ಕೇಳಿದ್ದಕ್ಕೆ, "ಖಂಡಿತ, ಅಡುಗೆಮನೆಯ ಡ್ರಾಯರ್‌ನಲ್ಲಿ ಖಾಲಿ ಫಾರ್ಮ್ ಇದೆ" ಅಂದರು.

ಇನ್ನು ಅಂಚೆ ಡಬ್ಬ. ನಮ್ಮಲ್ಲಿ ಮನೆ ನಂಬರ್ ಇದ್ದರೆ ಪೋಸ್ಟ್‌ಮ್ಯಾನ್ ಹೇಗೋ ಹುಡುಕಿಕೊಂಡು ಬರುತ್ತಾರೆ. ಬರ್ಲಿನ್‌ನ ಹಳೇ ಕಟ್ಟಡಗಳಲ್ಲಿ ಬಾಗಿಲಿನ ಮೇಲೆ ನಂಬರೇ ಇರುವುದಿಲ್ಲ. ರಸ್ತೆ ಕಡೆಗೊಂದು ಕಟ್ಟಡ, ಪಕ್ಕಕ್ಕೆ ಚಾಚಿದ ಭಾಗ, ಅಂಗಳ ದಾಟಿದರೆ ಹಿಂದಿನ ಕಟ್ಟಡ. ಎಲ್ಲಕ್ಕೂ ಒಂದೇ ವಿಳಾಸ. ಕರೆಗಂಟೆಯ ಮೇಲೂ ಡಬ್ಬದ ಮೇಲೂ ಬರೀ ಮನೆತನದ ಹೆಸರು. ಡಬ್ಬದ ಮೇಲೆ ಹೆಸರು ಇಲ್ಲದಿದ್ದರೆ ಕಾಗದ ವಾಪಸ್. ತಂದೆಯ ಹೆಸರು, ಊರ ಹೆಸರು, ಇನಿಷಿಯಲ್ ಎಲ್ಲ ಕಲಸಿಕೊಂಡಿರುವ ನಮ್ಮ ಪಾಸ್‌ಪೋರ್ಟ್‌ಗಳಿಗೆ ಇದು ಇನ್ನೂ ಒಂದು ತಲೆನೋವು. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗದಲ್ಲಿ ಏನಿದೆಯೋ ಅದನ್ನೇ ಡಬ್ಬಕ್ಕೆ ಅಂಟಿಸಿ. ಸ್ನೇಹಿತರು ಕರೆಯುವ ಹೆಸರು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ವೆಡ್ಡಿಂಗ್‌ನಲ್ಲಿ ಹಳಬರ ಹೆಸರಿನ ಕೆಳಗೆ ಒಂದು ಚೀಟಿ ಅಂಟಿಸಿದೆ, ಅಷ್ಟೇ ಸಾಕಾಯಿತು. ಸರ್ವಿಸ್ ಅಪಾರ್ಟ್‌ಮೆಂಟಿನಲ್ಲಿ ಈ ರಗಳೆ ಇಲ್ಲ, ರಿಸೆಪ್ಷನ್‌ನವರು ಕಾಗದ ತೆಗೆದಿಡುತ್ತಾರೆ.

ಅಡುಗೆ ವಿಷಯಕ್ಕೆ ಬರೋಣ. ನನ್ನ ಮಟ್ಟಿಗೆ ಬಾಡಿಗೆಗಿಂತ ಇದೇ ದೊಡ್ಡದು.

ಸರ್ವಿಸ್ ಅಪಾರ್ಟ್‌ಮೆಂಟಿನಲ್ಲಿ ಹಾಸಿಗೆಯೂ ಒಲೆಯೂ ಒಂದೇ ಕೋಣೆಯಲ್ಲಿ. ಎರಡು ಕರೆಂಟ್ ಒಲೆ, ಒಂದು ಸಣ್ಣ ಫ್ರಿಜ್. 2020ರ ಕೊನೆಯ ಹೊತ್ತಿಗೆ ಬರ್ಲಿನ್‌ನ ಹಳೇ ಮನೆಗಳಲ್ಲೂ ಮಲಗುವ ಕೋಣೆಗೆ ಹೊಗೆ ಅಲಾರಂ ಕಡ್ಡಾಯವಾಯಿತು, ಅಡುಗೆಮನೆಗೆ ಅಲ್ಲ. ಬೇರೆ ಅಡುಗೆಮನೆ ಇರುವ ಕಡೆ ಇದು ತೊಂದರೆಯೇ ಅಲ್ಲ. ಒಂದೇ ಕೋಣೆಯಾದರೆ ಅಲಾರಂ ನಿಮ್ಮ ಒಗ್ಗರಣೆಯ ತಲೆ ಮೇಲೇ ಕೂತಿರುತ್ತದೆ. ಒಣಮೆಣಸಿನಕಾಯಿ ಸಿಡಿದ ತಕ್ಷಣ ಅದೂ ಕಿರುಚಿಕೊಳ್ಳುತ್ತದೆ. ಅಲ್ಲಿ ನಾನು ತಿಂದದ್ದು ಬಹುಪಾಲು ಮೊಸರನ್ನ. ಒಂದು ಸಮಾಧಾನ ಅಂದರೆ ತುರ್ಕಿ ಅಂಗಡಿಯ 10 ಪರ್ಸೆಂಟ್ ಕೊಬ್ಬಿನ ಮೊಸರು. ಬಕೆಟ್‌ನಲ್ಲಿ ಸಿಗುತ್ತದೆ, ನಮ್ಮ ಗಟ್ಟಿ ಮೊಸರಿಗೆ ಏನೂ ಕಡಿಮೆ ಇಲ್ಲ.

ನಾಯ್‌ಕೋಲ್ನ್‌ನ ಮನೆಯಲ್ಲಿ ದೊಡ್ಡ ಅಡುಗೆಮನೆ ಇತ್ತು, ದೊಡ್ಡ ಕಿಟಕಿ ಇತ್ತು. ಫ್ರಿಜ್‌ನಲ್ಲಿ ನನ್ನ ಪಾಲಿಗೆ ಒಂದೇ ಅಂತಸ್ತು. ಜೊತೆಗಿದ್ದ ಇಬ್ಬರು ಇಂಗಿನ ಡಬ್ಬಿಯನ್ನು ಬಾಲ್ಕನಿಯಲ್ಲಿ ಇಡಲು ಬಹಳ ಮರ್ಯಾದೆಯಿಂದ ಕೇಳಿಕೊಂಡರು. ಆದರೆ ಸುತ್ತಲಿನ ಪೇಟೆ ಇದೆಯಲ್ಲ, ಅದಕ್ಕೆ ಸಾಟಿ ಇಲ್ಲ. ಸೊನೆನ್‌ಅಲೀ ರಸ್ತೆಯುದ್ದಕ್ಕೂ ಅರಬ್ ಅಂಗಡಿಗಳು. ಕಾಲುವೆ ಪಕ್ಕದ ಮೈಬಾಖ್‌ಊಫರ್‌ನಲ್ಲಿ ಮಂಗಳವಾರ, ಶುಕ್ರವಾರ ಸಂತೆ. ಕಟ್ಟುಕಟ್ಟು ಕೊತ್ತಂಬರಿ, ಬದನೆಕಾಯಿ, ಹಸಿಮೆಣಸಿನಕಾಯಿ. ಸಂಜೆ ಅಂಗಡಿ ಎತ್ತುವ ಹೊತ್ತಿಗೆ ಹೋದರೆ ಬೆಲೆ ಇಳಿದಿರುತ್ತದೆ. ವೆಡ್ಡಿಂಗ್‌ನಲ್ಲೂ ತುರ್ಕಿ ಅಂಗಡಿಗಳಿಗೆ ಬರವಿಲ್ಲ, ಮೇಲಾಗಿ ಅಡುಗೆಮನೆ ಪೂರ್ತಿ ನನ್ನದೇ. ಮೂಲ ಬಾಡಿಗೆದಾರರ ಗಿಡಗಳಿಗೆ ನೀರು ಹಾಕುವುದು, ಅವರ ಪುಸ್ತಕದ ಕಪಾಟನ್ನು ಮುಟ್ಟದೆ ಬದುಕುವುದು, ಇವಿಷ್ಟೇ ಷರತ್ತು. ಸಾರು, ಹುಳಿ, ಭಾನುವಾರ ಬಿಸಿಬೇಳೆಬಾತ್ ಎಲ್ಲ ಆಯಿತು. ಭಾನುವಾರದ ಸಾಮಾನು ಮಾತ್ರ ಶನಿವಾರವೇ ತಂದಿಟ್ಟುಕೊಳ್ಳಬೇಕು, ಯಾಕೆಂದರೆ ಅವತ್ತು ಸೂಪರ್‌ಮಾರ್ಕೆಟ್ ಮುಚ್ಚಿರುತ್ತವೆ. ಇಲ್ಲಿ ಮೋಆಬಿಟ್‌ನವರಿಗೆ ಒಂದು ಅನುಕೂಲ: ಹತ್ತಿರದ ಹೌಪ್ಟ್‌ಬಾನ್‌ಹೋಫ್ ಅಂದರೆ ಮುಖ್ಯ ರೈಲು ನಿಲ್ದಾಣದೊಳಗಿನ ಅಂಗಡಿಗಳು ಭಾನುವಾರವೂ ತೆರೆದಿರುತ್ತವೆ.

ದುಡ್ಡಿನಲ್ಲಿ ವೇ-ಗೇ ಎಲ್ಲಕ್ಕಿಂತ ಅಗ್ಗ, ಅದರಲ್ಲಿ ಅನುಮಾನ ಬೇಡ. ಇಂಟರ್ನೆಟ್ ಇರುತ್ತದೆ. ರೇಡಿಯೋ-ಟೀವಿ ಶುಲ್ಕ ತಿಂಗಳಿಗೆ 18.36 ಯೂರೋ, ಅದು ತಲೆಗೆ ಇಷ್ಟು ಅಂತಲ್ಲ, ಮನೆಗೆ ಇಷ್ಟು. ಹಾಗಾಗಿ ಮೂವರಿಗೆ ಹಂಚಿಹೋಗುತ್ತದೆ. ಒಬ್ಬರೇ ಪೂರ್ತಿ ಮನೆ ಹಿಡಿದರೆ ಅದನ್ನು ಯಾರು ಕಟ್ಟಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಬಾಡಿಗೆ ಕೇಳುವಾಗ "ವಾರ್ಮ್" ಬಾಡಿಗೆ ಕೇಳಿ, ಅದರಲ್ಲಿ ಸಾಮಾನ್ಯವಾಗಿ ಮನೆ ಬಿಸಿ ಮಾಡುವ ಖರ್ಚು ಸೇರಿರುತ್ತದೆ. ಕರೆಂಟ್ ಸೇರಿದೆಯಾ ಅಂತ ಬೇರೆಯಾಗಿ ಕೇಳಬೇಕು. ಮುಂಗಡವಾಗಿ ಮೂರು ತಿಂಗಳ "ಕೋಲ್ಡ್" ಬಾಡಿಗೆಗಿಂತ, ಅಂದರೆ ಆ ಖರ್ಚುಗಳು ಸೇರದ ಬರೀ ಬಾಡಿಗೆಗಿಂತ, ಜಾಸ್ತಿ ಕೇಳುವಂತಿಲ್ಲ, ಕಾನೂನು ಹಾಗಿದೆ. ಬೆಂಗಳೂರಿನ ಅಡ್ವಾನ್ಸ್ ಕಂಡವರಿಗೆ ಇದು ದೊಡ್ಡದಲ್ಲ ಬಿಡಿ. ಸರ್ವಿಸ್ ಅಪಾರ್ಟ್‌ಮೆಂಟಿಗೆ ನನ್ನಿಂದ ಮುಂಗಡವನ್ನೇ ಕೇಳಲಿಲ್ಲ, ಆದರೆ ಅದರ ಬಾಡಿಗೆ ವೇ-ಗೇ ಕೋಣೆಯ ಎರಡು ಪಟ್ಟು ಮೀರಿತ್ತು. ಆಫೀಸ್ ಕಟ್ಟುತ್ತಿದ್ದರೆ ಮಾತ್ರ ಚೆಂದ.

ಅಗ್ಗದ ಕೋಣೆ ಸಿಗುವುದೇ ಕಷ್ಟ. ವೇ-ಗೇ-ಗೆಸುಖ್ಟ್ ಜಾಲತಾಣದಲ್ಲಿ ಜಾಹೀರಾತು ಬಿದ್ದರೆ ಸಾಕು, ಸಂದೇಶಗಳ ಮಳೆ. ಆಮೇಲೆ ಅಡುಗೆಮನೆ ಮೇಜಿನ ಸುತ್ತ ಕೂರಿಸಿ ಮಾತಾಡಿಸುತ್ತಾರೆ. ನಿಮ್ಮ ಕೆಲಸ ಏನು, ಎಷ್ಟು ಹೊತ್ತಿಗೆ ಮಲಗುತ್ತೀರಿ, ಪಾರ್ಟಿ ಇಷ್ಟವಾ. ಹೆಣ್ಣು ನೋಡುವ ಶಾಸ್ತ್ರದಲ್ಲೂ ಇಷ್ಟು ಕೇಳುವುದಿಲ್ಲ. ಇದನ್ನು ಊರಿನಿಂದ ವಿಡಿಯೋ ಕರೆಯಲ್ಲಿ ಗೆಲ್ಲುವುದು ಬಹಳ ಕಷ್ಟ, ಅಲ್ಲಿ ಇಳಿದ ಮೇಲೇ ಹುಡುಕುವುದು ವಾಸಿ. "ನಾನು ವಿದೇಶದಲ್ಲಿದ್ದೇನೆ, ದುಡ್ಡು ಕಳಿಸಿ, ಬೀಗದ ಕೈ ಕೊರಿಯರ್ ಮಾಡುತ್ತೇನೆ" ಅನ್ನುವವರಿಗೆ ಉತ್ತರ ಕೂಡ ಬರೆಯಬೇಡಿ, ಅದು ಹಳೇ ಮೋಸ.

ಒಳಬಾಡಿಗೆಯಲ್ಲಿ ಎಚ್ಚರ ಇನ್ನೊಂದು ಕಡೆ ಬೇಕು. ಪೂರ್ತಿ ಮನೆಯನ್ನು ಹೀಗೆ ಬಿಡಲು ಮೂಲ ಬಾಡಿಗೆದಾರರಿಗೆ ಮಾಲೀಕರ ಒಪ್ಪಿಗೆ ಇರಬೇಕು. ಆ ಒಪ್ಪಿಗೆ ಪತ್ರ ತೋರಿಸಿ ಅಂತ ನಾಚಿಕೆ ಇಲ್ಲದೆ ಕೇಳಿ. ಬೀಗದ ಕೈ ತೆಗೆದುಕೊಳ್ಳುವ ದಿನ ಪ್ರತಿ ಕೋಣೆಯ ಫೋಟೋ ತೆಗೆದು, ಒಡೆದ ಲೋಟದ ತನಕ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕುವುದು ಅಲ್ಲಿ ವಾಡಿಕೆ. ಯಾರೂ ತಪ್ಪು ತಿಳಿಯುವುದಿಲ್ಲ.

ಬಡಾವಣೆ ಯಾವುದು ಅನ್ನುವುದಕ್ಕೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಊರ ಸುತ್ತ ಓಡುವ ಎಸ್-41, ಎಸ್-42 ರೈಲುಗಳಿಗೆ ಹತ್ತಿರ ಇದ್ದರೆ ಸಾಕು. ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ ತಿಂಗಳ ಪಾಸ್ 2023ರಲ್ಲಿ 49 ಯೂರೋಗೆ ಶುರುವಾಗಿ 2026ರಲ್ಲಿ 63ಕ್ಕೆ ಏರಿದ್ದರೂ, ಊರಿನ ಎಲ್ಲ ವಲಯಕ್ಕೂ ವಿಮಾನ ನಿಲ್ದಾಣಕ್ಕೂ ನಡೆಯುತ್ತದೆ.

ಒಂಟಿತನದ ಲೆಕ್ಕ ಹಾಕಿದರೆ ಮಾತ್ರ ವೇ-ಗೇಗೆ ಮೊದಲ ಸ್ಥಾನ. ಯಾವ ಕಸ ಯಾವ ಡಬ್ಬಕ್ಕೆ, ಸರ್ಕಾರಿ ಕಾಗದದಲ್ಲಿ ಏನು ಬರೆದಿದೆ, ಚಳಿಗಾಲದಲ್ಲೂ ಕಿಟಕಿ ಪೂರ್ತಿ ತೆರೆದು ಗಾಳಿ ಆಡಿಸದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಇವನ್ನೆಲ್ಲ ಹೇಳಿಕೊಟ್ಟವರು ಆ ಇಬ್ಬರೇ. ವೆಡ್ಡಿಂಗ್‌ಗೆ ಹೋದ ಮೇಲೂ ನನ್ನ ಕಾಗದಗಳ ಫೋಟೋ ಅವರಿಗೇ ಹೋಗುತ್ತಿತ್ತು.

ಹಾಗಾಗಿ ಮೂರು ತಿಂಗಳೊಳಗಿನ ವಾಸವಾದರೆ, ಆಫೀಸ್ ದುಡ್ಡಾದರೆ, ಸುಮ್ನೆ ಸರ್ವಿಸ್ ಅಪಾರ್ಟ್‌ಮೆಂಟ್ ಹಿಡಿಯಿರಿ. ಒಬ್ಬರೇ ಇದ್ದು ಜೇಬು ಸಣ್ಣದಾದರೆ ವೇ-ಗೇ. ಹೆಂಡತಿಯೋ ಗಂಡನೋ ಜೊತೆಗಿದ್ದರೆ, ದಿನಾ ಅಡುಗೆ ಮಾಡುವವರಾದರೆ ಒಳಬಾಡಿಗೆಗೆ ಕಾಯಿರಿ. ಮತ್ತೆ ಹೋಗಬೇಕಾಗಿ ಬಂದರೆ ನನ್ನ ಆಯ್ಕೆ ಅದೇ. ಯಾವುದಾದರೂ ಸರಿ, ನೋಂದಣಿ ಮಾಡಿಸಿದ್ದರೆ ದೇಶ ಬಿಡುವಾಗ ಹೆಸರು ತೆಗೆಸಲೂ ಬೇಕು. ಮನೆ ಬಿಡುವ ಒಂದು ವಾರ ಮೊದಲಿನಿಂದ ಬಿಟ್ಟ ಎರಡು ವಾರದ ತನಕ ಅದಕ್ಕೆ ಅವಕಾಶ ಇರುತ್ತದೆ.